ಆರು ಪಾಯಿಂಟ್ ನಾಲ್ಕು

ರೆಹಾನಾ ಕಾಗದ ಬಿಡಿಸಿ ಮೇಜಿನ ಮೇಲೆ ಹರಡಿದಳು.
ಶಂಕರಘಟ್ಟದಿಂದ ಬಸ್ಸಿನಲ್ಲಿ ತಂದದ್ದು, ನಡುವೆ ಮಡಿಕೆ ಬಿದ್ದಿದೆ.
"ನೋಡಿ ಮೇಡಂ, ನಿಮ್ಮ ಕಬ್ಬಿಣ," ಅಂದಳು.

ನನ್ನ ಕಬ್ಬಿಣ.
ಇಪ್ಪತ್ತೊಂಬತ್ತು ವರ್ಷ ಭದ್ರಾವತಿಯ ಲ್ಯಾಬಿನಲ್ಲಿ ಕೂತು
ಅದಿರಿನ ಪುಡಿಯನ್ನು ಬಿಲ್ಲೆ ಒತ್ತಿ, ಎಕ್ಸ್-ರೇ ಹಾಯಿಸಿ
ಯಾರು ನೀನು ಅಂತ ಕೇಳುವ ಕೆಲಸ ಮಾಡಿದೆ.
ಒಳಕೋಣೆಯ ಎಲೆಕ್ಟ್ರಾನು ಏಟು ತಿಂದು ಹಾರಿಹೋಗುತ್ತದೆ,
ಜಗಲಿಯ ಮೇಲಿನದು ಆ ಖಾಲಿ ಜಾಗಕ್ಕೆ ಧುಮುಕುತ್ತದೆ,
ಧುಮುಕುವಾಗ ಒಂದೇ ಮಾತು ಆಡುತ್ತದೆ:
ಆರು ಪಾಯಿಂಟ್ ನಾಲ್ಕು.
ಕೆಮ್ಮಣ್ಣುಗುಂಡಿಯ ಕೆಂಪು ಕಲ್ಲಾಗಲಿ, ಗುಜರಿಯ ಸೈಕಲ್ ಚೈನಾಗಲಿ,
ಕುಲುಮೆಯ ಅರುಳಪ್ಪನ ಉಗುರುಸಂದಿಯ ಕೊಳೆಯಾಗಲಿ
ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ.
ಮನುಷ್ಯರಿಂದ ನನಗೆ ಅಷ್ಟು ನೇರ ಉತ್ತರ ಸಿಕ್ಕಿದ್ದಿಲ್ಲ.

ಕಾಗದದ ಮೇಲಿನ ಗೆರೆ ಮಾತ್ರ ನೆಟ್ಟಗಿಲ್ಲ.
ಬಲಗಡೆ ಕಡಿದಾದ ಕೋಡು. ಎಡಕ್ಕೆ
ಐದು, ನಾಲ್ಕು, ಮೂರರ ತನಕ
ಒದ್ದೆ ಸೆರಗು ನೆಲದ ಮೇಲೆ ಎಳೆದುಕೊಂಡು ಹೋದ ಹಾಗೆ.

ಹನ್ನೆರಡು ಕೋಟಿ ವರ್ಷದ ಹಿಂದೆ ಹೊರಟ ಬೆಳಕಂತೆ.
ಆ ಗೆಲಾಕ್ಸಿಗೆ ಹೆಸರೂ ಇಲ್ಲ, ಬಸ್ಸಿನ ಹಣೆಯ ಮೇಲಿನಂಥ ಒಂದು ನಂಬರು.
ನಡುವೆ ಕಪ್ಪು ಕುಳಿ, ಅದರ ಸುತ್ತ ಗಾಣದ ಎತ್ತಿಗೂ ತಲೆ ತಿರುಗುವಂತೆ
ಗಿರಕಿ ಹೊಡೆಯುವ ಬಿಸಿ ತಟ್ಟೆ, ಅದರಲ್ಲಿ ಕಬ್ಬಿಣ.
ಮೇಲಿನ ಝಳ ಬಡಿದಾಗ ಅಲ್ಲೂ ಅದು ಹೇಳಿದ್ದು ಆರು ಪಾಯಿಂಟ್ ನಾಲ್ಕೇ.
ಆದರೆ ಕುಳಿಯ ಅಂಚಿನಿಂದ ಮೇಲೆ ಬರಬೇಕಲ್ಲ.
ಆಳದ ಬಾವಿಯಿಂದ ಹಗ್ಗ ಹಿಡಿದು ಹತ್ತಿದವನು
ಕಟ್ಟೆಗೆ ಒರಗಿ ಏದುಸಿರಲ್ಲಿ ತನ್ನ ಹೆಸರು ಹೇಳುತ್ತಾನೆ;
ಹೆಸರು ಅದೇ, ದನಿ ಕುಗ್ಗಿದೆ.

ಚಂದ ಇದೆ ಅಂದೆ. ಆಮೇಲೆ ಹಳೆಯ ಚಾಳಿ ತಡೆಯಲಿಲ್ಲ.
ಒಮ್ಮೆ ಮೂರು ದಿನ ನನ್ನ ಲೆಕ್ಕದಲ್ಲಿ ಕಬ್ಬಿಣ ಕಡಿಮೆ ಬಂತು.
ಅದಿರೇ ಕೆಟ್ಟದ್ದು ಅಂತ ಗಣಿಯವರಿಗೆ ಪತ್ರ ಹೋಯಿತು,
ಅರುಳಪ್ಪನಿಗೂ ನನಗೂ ಕ್ಯಾಂಟೀನಿನಲ್ಲಿ ಜಗಳವಾಯಿತು.
ನಾಲ್ಕನೇ ದಿನ ಯಂತ್ರದ ಕಿಟಕಿ ಬಿಚ್ಚಿದರೆ
ತೆಳ್ಳಗೆ, ಕಂಡೂ ಕಾಣದಂತೆ, ಧೂಳಿನ ಪೊರೆ.
"ನಡುವೆ ಏನಾದರೂ ಅಡ್ಡ ನಿಂತಿದೆಯಾ ನೋಡಿದೆಯೇನೇ?"

ರೆಹಾನಾ ನಕ್ಕಳು. ನಗು ಮುಗಿದ ಮೇಲೂ ಕಾಗದವನ್ನೇ ನೋಡುತ್ತಿದ್ದಳು.
"ಜಗಳ ಇರುವುದೇ ಅಲ್ಲಿ ಮೇಡಂ.
ಕುಳಿ ಎಳೆದದ್ದು ಅಂತ ಒಂದು ಪಂಗಡ,
ದಾರಿಯ ಮೋಡಗಳು ಬೆಳಕು ನುಂಗಿ ಹೀಗೆ ಬಗ್ಗಿಸಿವೆ ಅಂತ ಇನ್ನೊಂದು.
ನಾನು ಹುಟ್ಟುವ ಮುಂಚಿನಿಂದ ನಡೆದಿದೆ."

ಹೊರಗೆ ನಡೆದೆವು. ಹೊಳೆಯ ಆಚೆ ದಡದಲ್ಲಿ ಯಾರೋ ಕಂಬಳಿ ಒಗೆಯುತ್ತಿದ್ದರು.
ಕಂಬಳಿ ಕಲ್ಲಿಗೆ ಬೀಳುವುದು ಕಾಣುತ್ತದೆ,
ಅದು ಮತ್ತೆ ಎದ್ದು ತಲೆ ಮೇಲೆ ಹೋದಾಗ
ಸದ್ದು ನಮ್ಮ ಕಿವಿಗೆ ತಲುಪುತ್ತದೆ.
"ಇದೇ," ಅಂದಳು, "ನಾನು ಮಾಡುತ್ತಿರುವುದು ಇಷ್ಟೇ.
ಝಳ ಒಮ್ಮೆ ಭುಗಿಲೆಂದರೆ ಎಷ್ಟು ಹೊತ್ತಿಗೆ ಕಬ್ಬಿಣ ಓ ಅನ್ನುತ್ತೆ ಅಂತ ಎಣಿಸುವುದು.
ಬೇಗ ಓಗೊಟ್ಟರೆ ಅದು ಕುಳಿಯ ಹತ್ತಿರವೇ ಇದೆ."
"ಎಷ್ಟು ಬಂತು?"
"ನೂರು ಸೆಕೆಂಡು. ಒಂದು ಸಲ. ಮಿಕ್ಕ ಸಲ ಏನೂ ಕೇಳಿಸಲೇ ಇಲ್ಲ."

ಒಗೆಯುವವರು ನಿಲ್ಲಿಸಿದರು. ನಾವು ಇನ್ನೂ ಒಂದು ಸದ್ದಿಗೆ ಕಾಯುತ್ತಿದ್ದೆವು.

ಅವಳು ಹೊರಡುವಾಗ ಬೀರುವಿನಿಂದ ಒಂದು ಬಿಲ್ಲೆ ತೆಗೆದು ಕೊಟ್ಟೆ,
ಲ್ಯಾಬಿನ ಮಾದರಿ, ಹಿಂದೆ ನನ್ನ ಕೈಬರಹದ ಚೀಟಿ.
ಕಾಗದ ಹಾರದಂತೆ ಇಟ್ಟುಕೋ.
ಅಂಗೈಯಲ್ಲಿ ತೂಗಿ ನೋಡಿ ಕೇಳಿದಳು, ಇದು ಕಾರ್ಖಾನೆಯದ್ದಲ್ಲವಾ.
ಹೌದು. ಇಪ್ಪತ್ತೊಂಬತ್ತು ವರ್ಷದಲ್ಲಿ
ರಿಜಿಸ್ಟರಿಗೆ ಸಹಿ ಹಾಕದೆ ಮನೆಗೆ ತಂದದ್ದು
ಅದೊಂದೇ.